ಎರಡು ಸೀಸೆ, ಅರ್ಧ ಗಂಟೆ

"ಕುಲುಕಿ," ಎಂದರು ಮೊಟ್ಟೆ ಮೇಷ್ಟ್ರು. "ಇನ್ನೂ ಜೋರಾಗಿ ಕುಲುಕಿ. ಸೀಸೆಗೇನೂ ನೋವಾಗಲ್ಲ."

ಅಕ್ಕ ಎರಡು ಕೈಯಲ್ಲೂ ಒಂದೊಂದು ಪುಟ್ಟ ಗಾಜಿನ ಸೀಸೆ ಹಿಡಿದು ಹತ್ತೆಣಿಸುವವರೆಗೆ ಕುಲುಕಿದಳು. ಎರಡರೊಳಗೂ ಅಕ್ಕಿ ತೊಳೆದ ನೀರಿನಂಥ ಬಿಳುಪು ಎದ್ದಿತು. ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ನಿಲ್ಲಿಸಿ ಗೋಡೆಯ ಗಡಿಯಾರ ನೋಡಿದಳು. ನಾಲ್ಕೂ ಹತ್ತು.

"ಇನ್ನು ಅರ್ಧ ಗಂಟೆ," ಅಂದಳು. "ಯಾವುದರ ಪುಡಿ ಬೇಗ ತಳಕ್ಕಿಳಿಯುತ್ತೋ ಅದು ಸತ್ತ ಲಸಿಕೆ. ಒಂದು ಸಲ ಹೆಪ್ಪುಗಟ್ಟಿ ಆಮೇಲೆ ಕರಗಿದ್ದು. ಸರಿ ತಾನೆ?"

"ಪಾಠ ಚೆನ್ನಾಗಿ ಒಪ್ಪಿಸ್ತೀರಿ. ಯಾರು ಹೇಳಿಕೊಟ್ಟರು? ಶೈತ್ಯಾಗಾರದ ಚಳಿಯಮ್ಮನಾ?"

"ಯಾರಾದ್ರೇನು? ನಿಮಗಂತೂ ಮೊದಲೇ ಗೊತ್ತಿತ್ತಲ್ಲ."

ಮೇಷ್ಟ್ರು ಕೆಲಸಕ್ಕೆ ತಿರುಗಿದರು. ಪಕ್ಕದ ತಟ್ಟೆಯಿಂದ ಒಂದು ಮೊಟ್ಟೆ ಎತ್ತಿ ದೀಪದ ಬಾಯಿಗೆ ಹಿಡಿದರು. ಚಿಪ್ಪಿನೊಳಗೆ ಕೆಂಪು ನರಗಳು ಹರಡಿಕೊಂಡಿದ್ದವು, ನಡುವೆ ಕಪ್ಪು ಚುಕ್ಕೆಯೊಂದು ಮಿಸುಕಾಡುತ್ತಿತ್ತು. ಗಾಳಿಯ ಜಾಗ ಎಲ್ಲಿಗೆ ಮುಗಿಯುತ್ತದೋ ಅಲ್ಲಿ ದಪ್ಪ ಕೆಂಪು ಪೆನ್ಸಿಲಿನಿಂದ ಗೆರೆ ಎಳೆದು, ಸೂಜಿ ಚುಚ್ಚಬೇಕಾದ ಕಡೆ ಚುಕ್ಕೆ ಇಟ್ಟು, ನಂಬರು ಬರೆದು ಆಚೆ ಇಟ್ಟರು. ಲಸಿಕೆ ಸಂಸ್ಥೆಯ ಈ ದೊಡ್ಡ ಹಾಲಿನಲ್ಲಿ ಮೂವತ್ತೊಂದು ವರ್ಷದಿಂದ ಅವರ ಕೆಲಸ ಇದೇ. ಮೊಟ್ಟೆಯಲ್ಲಿ ಫ್ಲೂ ವೈರಸ್ ಬೆಳೆಸು, ಕೊಲ್ಲು, ಆ ವರ್ಷದ ಲಸಿಕೆ ಮಾಡು. ಮರುವರ್ಷ ಮತ್ತೆ ಮೊದಲಿನಿಂದ. ಅವರ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಬಿಟ್ಟರೆ ಸಂಸ್ಥೆಯಲ್ಲಿ ಬೇರೆ ಯಾರಿಗೂ ನೆನಪಿರಲಿಲ್ಲ.

ಅಕ್ಕನ ತಂಗಿ ಅದೇ ಸಂಸ್ಥೆಯಲ್ಲಿ ತಯಾರಿಸಿದ್ದು ಒಮ್ಮೆ ಹಾಕಿಸಿಕೊಂಡರೆ ಎಲ್ಲ ಬಗೆಯ ಫ್ಲೂಗೂ ಸಾಕು ಎನ್ನುವಂಥ ಲಸಿಕೆ. ಅದು ಮುಂಗುಸಿಯಂಥ ಫೆರೆಟ್ ಪ್ರಾಣಿಗಳ ಪರೀಕ್ಷೆಯಲ್ಲಿ ಮಕಾಡೆ ಮಲಗಿತ್ತು. ಯಾಕೆಂದು ಹುಡುಕಲು ಅಕ್ಕನಿಗೆ ಸಿಕ್ಕಿದ್ದು ಮೂರೇ ದಿನ. ಇವತ್ತು ಮೂರನೆಯದು. ಐದಕ್ಕೆ ಸಮಿತಿ ಕೂರುತ್ತದೆ. ಕಾರಣ ಸಿಕ್ಕರೆ ಇನ್ನೊಂದು ಪರೀಕ್ಷೆ. ಸಿಗದಿದ್ದರೆ ತಂಗಿಯ ಒಂಬತ್ತು ವರ್ಷದ ಕೆಲಸಕ್ಕೆ ಬೀಗ.

ಬೀಗ ಎಂಬ ಮಾತು ಬಂದಾಗಲೆಲ್ಲ ಅಕ್ಕನಿಗೆ ಒಳಗೆಲ್ಲೋ ಸ್ವಲ್ಪ ಹಾಯೆನಿಸುತ್ತಿತ್ತು. ಹಾಯೆನಿಸಿದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಗುತ್ತಿತ್ತು. ಎರಡೂ ನಿಜ, ಒಂದನ್ನು ಮುಚ್ಚಿಟ್ಟು ಇನ್ನೊಂದನ್ನು ಹೇಳಿದರೆ ಈ ಕಥೆಗೆ ಅರ್ಥವಿಲ್ಲ.

ಚಪ್ಪಲಿ ಅಂಗಡಿಯ ಮೇಲಿನ ಒಂದು ಕೋಣೆ ಅಕ್ಕನ ಪತ್ತೇದಾರಿ ಕಚೇರಿ. ಕಳವಾದ ಕಾರು, ಸುಡದ ಗೋದಾಮು ಸುಟ್ಟಿತೆಂದು ವಿಮೆ ಕೇಳಿದವರು, ಪೇಟೆಗೆಂದು ಹೋಗಿ ಬೇರೆ ಸಂಸಾರ ಹೂಡಿದ ಗಂಡಂದಿರು, ಹೀಗೆ ಇಪ್ಪತ್ತು ವರ್ಷದಲ್ಲಿ ಅವಳು ಪತ್ತೆ ಮಾಡಿದ್ದಕ್ಕೆ ಲೆಕ್ಕವಿಲ್ಲ. ಆದರೆ ನೆಂಟರು ಕೇಳಿದರೆ ಅಮ್ಮ ಹೇಳುವುದು ಒಂದೇ ಮಾತು: "ದೊಡ್ಡವಳು ಏನೋ ಮಾಡ್ಕೊಂಡಿದ್ದಾಳೆ." ಆಮೇಲೆ ಅರ್ಧ ಗಂಟೆ ಪುಟ್ಟಿಯ ಪುರಾಣ. ನಲವತ್ತೆರಡು ತುಂಬಿದ ವಿಜ್ಞಾನಿ ಮನೆಯಲ್ಲಿ ಈಗಲೂ ಪುಟ್ಟಿಯೇ.

ಎರಡು ತಿಂಗಳ ಹಿಂದೆ, ಹದಿನೇಳನೇ ತಾರೀಕು, ಅಮ್ಮನಿಗೆ ಎಪ್ಪತ್ತು ತುಂಬಿತು. ಅಕ್ಕ ಬೆಳಿಗ್ಗೆ ಏಳಕ್ಕೇ ಹೋಗಿ ಮನೆ ಗುಡಿಸಿ, ಅಮ್ಮನ ಮಂಡಿಗೆ ಐಸ್ ಪ್ಯಾಕ್ ಕಟ್ಟಿ, ತಾನು ತಂದ ಹೊಲಿಗೆ ಯಂತ್ರದ ಪೆಟ್ಟಿಗೆಯನ್ನು ಮುಂದಿಟ್ಟಳು. ಅಮ್ಮ ಅದರ ಹಸಿರು ರಿಬ್ಬನ್ ಬಿಚ್ಚಿದ್ದೇ ತಡ, ಬಾಗಿಲಲ್ಲಿ ಪುಟ್ಟಿ. ಕೈಯಲ್ಲಿ ಎಂದಿನ ಐಸ್‌ಕ್ರೀಂ ಡಬ್ಬಿ. ರಿಬ್ಬನ್ ಅಕ್ಕನ ಕೈಗೆ ಬಂತು, ಡಬ್ಬಿಯೂ ಅಕ್ಕನ ಕೈಗೆ ಬಂತು, ಅಮ್ಮ ಮಾತ್ರ ಪುಟ್ಟಿಯ ಪಾಲಾದರು. ಮುಕ್ಕಾಲು ಗಂಟೆ ಹಜಾರದಲ್ಲಿ ನಗುವೋ ನಗು, ಅಡುಗೆಮನೆಯಲ್ಲಿ ಅಕ್ಕ ಒಬ್ಬಳೇ. ಹೊರಡುವಾಗ ಪುಟ್ಟಿ ತಂದ ಡಬ್ಬಿಯನ್ನೂ ಎತ್ತಿಕೊಂಡೇ ಹೋದಳು, ಅಷ್ಟು ಅವಸರ. ಹೊಲಿಗೆ ಯಂತ್ರ ಇವತ್ತಿಗೂ ಅದೇ ಪೆಟ್ಟಿಗೆಯಲ್ಲಿದೆ.

ಇಂಥ ಅಕ್ಕನನ್ನೇ ಪುಟ್ಟಿ ಹುಡುಕಿಕೊಂಡು ಬಂದು, "ಅಕ್ಕಾ, ನಿನ್ನ ಬಿಟ್ರೆ ನನಗೆ ಇನ್ಯಾರಿದ್ದಾರೆ" ಅಂದಿದ್ದಳು. ಅಕ್ಕನಿಗೆ ಆ ಮಾತು ಜನ್ಮದಲ್ಲಿ ಮೊದಲ ಸಲ ಕೇಳಿದಂತಾಗಿತ್ತು.

ಅವಳು ಟಿಪ್ಪಣಿ ಪುಸ್ತಕ ತೆಗೆದು ಅದರ ದಾರ ಬಿಚ್ಚತೊಡಗಿದಳು. ಎರಡು ಸಲ ಗಂಟು ಹಾಕಿ ತುದಿಗಳನ್ನು ಒಳಗೆ ತುರುಕಿಬಿಡುವುದು ಚಿಕ್ಕಂದಿನಿಂದ ಬಂದ ಚಾಳಿ.

"ಅದನ್ನ ಬಿಚ್ಚೋಕೆ ಸುತ್ತಿಗೆ ತರಿಸಲೇನಮ್ಮ?" ಎಂದರು ಮೇಷ್ಟ್ರು.

"ಕಂಡೋರು ಬಿಚ್ಚಬಾರದು ಅಂತಲೇ ಹೀಗೆ ಹಾಕೋದು." ಗಂಟು ಸಡಿಲಾಯಿತು. "ಶುರು ಮಾಡೋಣ. ಆ ವಾರ ಚಳಿಯಮ್ಮ ರಜೆ. ಶೈತ್ಯಾಗಾರದ ಕೀಲಿ ನಿಮ್ಮ ಹತ್ರ."

"ಇತ್ತು."

"ಪುಟ್ಟಿಯ ಸೀಸೆಗಳು ಪ್ರಾಣಿಮನೆಗೆ ಹೊರಡೋ ದಿನ, ಬೆಳಿಗ್ಗೆ ನೀವು ಆ ಸೀಸೆಗಳ ತಟ್ಟೆ ಎತ್ಕೊಂಡು ಈ ಹಾಲಿಗೆ ಬಂದ್ರಿ. ಒಂಬತ್ತರಿಂದ ಹನ್ನೊಂದರ ತನಕ ಇಲ್ಲೇ ಇಟ್ಕೊಂಡಿದ್ರಿ. ಮೊಟ್ಟೆ ತೊಳೆಯುವವಳು ನೋಡಿದ್ದಾಳೆ."

"ನೋಡಿರ್ತಾಳೆ. ಮೊಟ್ಟೆ ಮೇಲಿನ ಕೊಳೆ ಬಿಟ್ಟು ಉಳಿದದ್ದೆಲ್ಲ ಅವಳ ಕಣ್ಣಿಗೆ ಬೀಳುತ್ತೆ."

"ಅಗೋ, ಆ ಮೂಲೇಲಿರೋದು ಡೀಪ್ ಫ್ರೀಜರು."

ಮೇಷ್ಟ್ರು ಮೂಲೆಯತ್ತ ತಿರುಗಿಯೂ ನೋಡಲಿಲ್ಲ. ಇನ್ನೊಂದು ಮೊಟ್ಟೆ ದೀಪಕ್ಕೆ ಹಿಡಿದರು. ಇದರಲ್ಲಿ ನರಗಳಿರಲಿಲ್ಲ, ಮಬ್ಬು ಮಾತ್ರ. ಅದನ್ನು ಕಸದ ಬುಟ್ಟಿಗೆ ಹಾಕಿ ಕೈ ಒರೆಸಿಕೊಂಡರು.

"ಯಾಕೆ ಮಾಡಿದೆ ಅಂತ ಕೇಳಲ್ವಾ?"

"ಅದನ್ನ ಕೇಳಬೇಕಾಗಿಲ್ಲ. ಅವಳ ಲಸಿಕೆ ಗೆದ್ರೆ ಈ ಹಾಲಿಗೆ ಕೆಲಸ ಇಲ್ಲ. ನಿಮಗೂ ಇಲ್ಲ."

"ಅಷ್ಟೇನಾ?" ಮೇಷ್ಟ್ರು ನಕ್ಕರು. ನಗು ಕಣ್ಣಿನವರೆಗೆ ಏರಲಿಲ್ಲ. "ನಿಮ್ಮ ತಂಗಿ ಏನು ಮಾಡಿದ್ಲು ಅಂತ ನಿಮಗೆ ಗೊತ್ತಾ? ಯಾರಾದ್ರೂ ಸರಿಯಾಗಿ ಹೇಳಿದ್ದಾರಾ?"

"ಹೇಳಿ."

"ಈ ವೈರಸ್ ಮೈ ಮೇಲೆಲ್ಲ ಸಣ್ಣ ಸಣ್ಣ ಗುಬುಟು. ಪ್ರತಿಯೊಂದಕ್ಕೂ ಒಂದು ತಲೆ, ಒಂದು ಕತ್ತು ಅಂದ್ಕೊಳ್ಳಿ. ತಲೆ ವರ್ಷವರ್ಷಕ್ಕೂ ವೇಷ ಬದಲಾಯಿಸುತ್ತೆ. ನಾವು ಆ ತಲೆ ಹಿಂದೆ ಓಡೋರು. ಮುಂದಿನ ವರ್ಷ ಯಾವ ವೇಷ ಹಾಕುತ್ತೋ ಅಂತ ಊಹೆ ಮಾಡೋದು, ಮೊಟ್ಟೆ ತರಿಸೋದು, ಬೆಳೆಸೋದು. ನಾವು ತಯಾರಾಗೋ ಹೊತ್ತಿಗೆ ಒಂದೊಂದು ಸಲ ಅದು ಬೇರೆ ವೇಷದಲ್ಲಿ ಬಂದು ನಮ್ಮ ಮುಂದೆಯೇ ಹಾಯಾಗಿ ಹೋಗುತ್ತೆ. ಕತ್ತು ಮಾತ್ರ ಬದಲಾಗಲ್ಲ. ಎಲ್ಲ ವೇಷಕ್ಕೂ ಅದೇ ಕತ್ತು. ನಿಮ್ಮ ತಂಗಿ ಅದನ್ನ ಹಿಡಿದ್ಲು."

"ನಿಮಗೆ ಹೊಳೀಲಿಲ್ಲ."

ಪೆನ್ಸಿಲು ಚಿಪ್ಪಿನ ಮೇಲೆ ನಿಂತಿತು.

"ಹೊಳೆದಿತ್ತು," ಎಂದರು ಮೇಷ್ಟ್ರು ಮೆತ್ತಗೆ. "ಹದಿನೆಂಟು ವರ್ಷದ ಹಿಂದೆ. ಒಂದು ವರ್ಷ ಬೆನ್ನು ಹತ್ತಿದೆ, ಆಗಲ್ಲ ಅಂತ ಬಿಟ್ಟೆ. ಬಿಟ್ಟ ಕಾಗದಗಳನ್ನ ನನ್ನ ವಿದ್ಯಾರ್ಥಿನಿಗೆ ಕೊಟ್ಟೆ, ಓದ್ಕೊಳ್ಳಮ್ಮ ಅಂತ. ಅವಳಿಗೆ ಸೂಜಿ ಹಿಡಿಯೋದು ಕಲಿಸಿದ್ದೂ ನಾನೇ. ಹೊಟ್ಟೆಕಿಚ್ಚು ಅಂತೀರಾ? ಹೌದು. ಬೆಳಿಗ್ಗೆ ಎದ್ದರೆ ಅದು, ಮಲಗಿದರೆ ಅದು. ಅವಳಿಗೆ ಚಪ್ಪಾಳೆ ತಟ್ಟೋವಾಗ ನನ್ನ ಕೈ ಬೆವರುತ್ತೆ."

ಅಕ್ಕನ ಎದೆಯಲ್ಲಿ ಏನೋ ಹಿತವಾಗಿ ಇಳಿಯಿತು. ಮೂರು ದಿನದಿಂದ ಅವಳಿಗೆ ಬೇಕಾಗಿದ್ದದ್ದು ಇದೇ. ಮೊದಲ ದಿನ ಈ ಮನುಷ್ಯ ಪುಟ್ಟಿಯ ಹೆಸರೆತ್ತುವಾಗ ಅರೆಗಳಿಗೆ ತಡವರಿಸಿದ್ದನ್ನು ಅವಳು ಗುರುತಿಸಿದ್ದಳು. ಆ ತಡವರಿಕೆ ತನ್ನ ನಾಲಿಗೆಗೂ ಇದೆ. ಪುಟ್ಟಿಯನ್ನು ಕಂಡು ಉರಿಯುವವರು ಲೋಕದಲ್ಲಿ ಇನ್ನೊಬ್ಬರಿದ್ದಾರೆ, ಆ ಇನ್ನೊಬ್ಬರು ತಪ್ಪು ಮಾಡಿಯೇ ಬಿಟ್ಟಿದ್ದಾರೆ. ಹಾಗಾದರೆ ಬರೀ ಉರಿದುಕೊಂಡು ಸುಮ್ಮನಿರುವ ತಾನು ಎಷ್ಟೋ ವಾಸಿ.

ಆ ಖುಷಿಗೇ ಇರಬೇಕು, ಅವಳು ಎಂದೂ ಮಾಡದ ಕೆಲಸ ಮಾಡಿದ್ದಳು. ಪೂರ್ತಿ ಸಾಕ್ಷಿ ಕೈಗೆ ಬರುವ ಮೊದಲೇ, ನಾಲ್ಕು ಗಂಟೆಗೆ, ಮೇಷ್ಟ್ರ ಮೇಲೆ ಬೊಟ್ಟು ಮಾಡಿ ಎರಡು ಪುಟದ ವರದಿ ಬರೆದು ಸಮಿತಿಗೆ ಒಪ್ಪಿಸಿದ್ದಳು.

"ಆ ಎರಡು ಗಂಟೆ ಇಲ್ಲಿ ಏನ್ ಮಾಡಿದ್ರಿ?"

"ನೋಡ್ತಾ ಕೂತಿದ್ದೆ."

"ಏನನ್ನ?"

"ಸೀಸೆಗಳನ್ನ. ಹದಿನೈದು ಸೀಸೆ. ತಂಪು ಮೇಜಿನ ಮೇಲೆ ಸಾಲಾಗಿ ಇಟ್ಕೊಂಡು ನೋಡ್ತಾ ಕೂತಿದ್ದೆ. ನಗು ಬಂದ್ರೆ ನಕ್ಕುಬಿಡಿ."

ಅಕ್ಕನಿಗೆ ನಗು ಬರಲಿಲ್ಲ. ಅರ್ಧ ಬಿಚ್ಚಿದ ಹೊಲಿಗೆ ಯಂತ್ರದ ಪೆಟ್ಟಿಗೆಯನ್ನು ತಾನೂ ಹಾಗೆ ನೋಡುತ್ತ ಕೂತದ್ದುಂಟು. ಅವಳು ಮುಖ ತಿರುಗಿಸಿ ಮೇಜಿನ ಕಡೆ ನೋಡಿದಳು, ನೋಡಿದವಳೇ ಕುರ್ಚಿಯಿಂದ ಎದ್ದಳು.

ಎಡಗಡೆಯ ಸೀಸೆ ಇನ್ನೂ ಪೂರ್ತಿ ಬೆಳ್ಳಗೇ ಇತ್ತು. ಬಲಗಡೆಯದರ ಮೇಲರ್ಧ ತಿಳಿನೀರು. ಪುಡಿ ಕಾಳುಕಾಳಾಗಿ ತಳ ಸೇರಿತ್ತು. ಗಡಿಯಾರ ನಾಲ್ಕೂ ಇಪ್ಪತ್ತೈದು ತೋರಿಸುತ್ತಿತ್ತು, ಅರ್ಧ ಗಂಟೆ ಕಾಯುವ ಅಗತ್ಯವೇ ಬೀಳಲಿಲ್ಲ.

"ಸತ್ತಿದೆ!" ಅಂದಳು. "ನೋಡಿದ್ರಾ? ಪ್ರಾಣಿಮನೆಯಿಂದ ವಾಪಸ್ ಬಂದ ಸೀಸೆ ಇದು. ಇದು ಸತ್ತಿದ್ದಕ್ಕೇ ಲಸಿಕೆ ಹಾಕಿಸಿಕೊಂಡ ಹನ್ನೆರಡು ಫೆರೆಟ್‌ಗಳೂ ಜ್ವರ ಬಂದು ಮನುಷ್ಯರ ಹಾಗೆ ಸೀನಿದ್ದು. ಪುಟ್ಟಿಯ ಲಸಿಕೆ ಸೋತಿಲ್ಲ. ಅದನ್ನ ಕೊಂದಿದ್ದಾರೆ."

ಮೇಷ್ಟ್ರು ಕನ್ನಡಕ ಏರಿಸಿಕೊಂಡು ಬಗ್ಗಿದರು. ಬಹಳ ಹೊತ್ತು ನೋಡಿದರು.

"ಅಯ್ಯೋ," ಎಂದರು. ಸಿಕ್ಕಿಬಿದ್ದವರು ಹೇಳುವ ಅಯ್ಯೋ ಅಲ್ಲ ಅದು. ಅಕ್ಕನ ಕಿವಿ ನೆಟ್ಟಗಾಯಿತು.

"ಈ ಎಡಗಡೆದು ಎಲ್ಲಿಂದ ತಂದ್ರಿ?"

"ಶೈತ್ಯಾಗಾರದಿಂದ. ಅದೇ ಕಪಾಟು, ಅದೇ ಬ್ಯಾಚು. ಹೊರಗೆ ಹೋಗಿಲ್ಲದ್ದು."

"ಚೀಟಿ ತಿರುಗಿಸಿ. ನಂಬರು ಓದಿ."

ಅಕ್ಕ ತಿರುಗಿಸಿದಳು. ಚೀಟಿಯ ಮೂಲೆಯಲ್ಲಿ ದಪ್ಪ ಕೆಂಪು ಪೆನ್ಸಿಲಿನಲ್ಲಿ ಹದಿನೈದು ಎಂದಿತ್ತು. ಬಲಗಡೆಯದರ ಮೇಲೆ ಹದಿಮೂರು.

"ನನ್ನ ಕೈ ತಗುಲಿದ್ದಕ್ಕೆಲ್ಲ ನಾನು ನಂಬರು ಹಾಕ್ತೀನಿ. ಎಲ್ಲರೂ ಆಡ್ಕೊಂಡು ನಗ್ತಾರೆ," ಎಂದರು ಮೇಷ್ಟ್ರು. "ಯಾವ ಲಸಿಕೆ ಹೊರಗೆ ಹೊರಟರೂ ಡಬ್ಬಿಗೆ ತುಂಬೋವಾಗ ಒಂದು ಸೀಸೆ ಹಿಂದಕ್ಕೆ ಇಡೋದು ನಮ್ಮ ಪದ್ಧತಿ. ಆವತ್ತು ಹದಿನೈದರಲ್ಲಿ ಹದಿನಾಲ್ಕು ತುಂಬಿ ಒಂದನ್ನ ವಾಪಸ್ ಕಪಾಟಿಗೆ ಇಟ್ಟೆ. ಆ ಒಂದು ಇದೇ."

ಅಕ್ಕ ಎರಡೂ ಸೀಸೆಗಳ ನಂಬರು ಇನ್ನೊಮ್ಮೆ ನೋಡಿದಳು.

"ಲೆಕ್ಕ ನೀವೇ ಹಾಕಿ. ಹನ್ನೊಂದು ಗಂಟೆ ತನಕ ಎರಡೂ ನನ್ನ ಹತ್ರ, ಅಕ್ಕಪಕ್ಕ. ನಾನು ಹಾಳು ಮಾಡಿದ್ರೆ ಎರಡೂ ಸಾಯಬೇಕಿತ್ತು. ಒಂದು ಬದುಕಿದೆ. ಅಂದ್ರೆ ಇನ್ನೊಂದು ಸತ್ತಿದ್ದು ಹನ್ನೊಂದರ ಮೇಲೆ. ಡಬ್ಬಿಯೊಳಗೆ."

ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಅವರು ತಮ್ಮ ಮೇಲಿನ ಆರೋಪ ತೆಗೆದು ಪಕ್ಕಕ್ಕಿಟ್ಟಿದ್ದರು. ಸಮಿತಿಯ ಕೋಣೆಯಲ್ಲಿರುವ ಎರಡು ಪುಟ ಅಕ್ಕನಿಗೆ ನೆನಪಾಯಿತು.

"ಡಬ್ಬಿಯೊಳಗೆ ಹೇಗೆ ಸಾಯುತ್ತೆ? ಡಬ್ಬಿ ಇರೋದೇ ತಂಪಾಗಿಡೋಕೆ."

"ತಂಪು ಬೇರೆ, ಹೆಪ್ಪು ಬೇರೆ. ಎಲ್ಲರೂ ಎಡವೋದು ಅಲ್ಲೇ. ತಣ್ಣಗಿದ್ದಷ್ಟೂ ಒಳ್ಳೇದು ಅಂದ್ಕೋತಾರೆ. ಫ್ರೀಜರಿನಿಂದ ತೆಗೆದ ಐಸ್ ಪ್ಯಾಕನ್ನ ಹಾಗೇ ಡಬ್ಬಿಗೆ ಹಾಕಿದ್ರೆ ಪಕ್ಕದ ಸೀಸೆ ಹೆಪ್ಪುಗಟ್ಟುತ್ತೆ. ಅದಕ್ಕೇ ಅದನ್ನ ಹೊರಗಿಟ್ಟು ಕಾಯಬೇಕು. ಮೈಯೆಲ್ಲ ಬೆವರಬೇಕು. ಅಲ್ಲಾಡಿಸಿದ್ರೆ ಒಳಗೆ ನೀರು ಗುಳುಗುಳು ಅನ್ನಬೇಕು. ಆಮೇಲೇ ಡಬ್ಬಿಗೆ. ಆವತ್ತು ಹಾಗೇ ಮಾಡ್ದೆ. ನಾಲ್ಕು ಪ್ಯಾಕು. ಒಂದರಿಂದ ನಾಲ್ಕು ನಂಬರು."

ಗುಳುಗುಳು. ಎಲ್ಲೋ ಕೇಳಿದ್ದೆನಲ್ಲ ಎಂದು ಅಕ್ಕನಿಗೆ ಅನಿಸಿತು. ಎಲ್ಲಿ ಎಂದು ಹೊಳೆಯಲಿಲ್ಲ.

"ಮೇಲೆ ಚೀಟಿ ಅಂಟಿಸಿ, 'ಹೆಪ್ಪುಗಟ್ಟಿಸಬೇಡಿ' ಅಂತ ನಾನೇ ಬರೆದೆ. ಡಬ್ಬಿಯ ಹಿಡಿ ಒಂದು ಕಡೆ ಕಿತ್ತಿತ್ತು, ಜೋಪಾನ ಅಂತಲೂ ಹೇಳಿ ಕಳಿಸಿದೆ."

"ಅಷ್ಟು ಉರೀತಿತ್ತು ಅಂತೀರಿ, ಮತ್ತೆ ಅಷ್ಟು ಜೋಪಾನ ಯಾಕೆ?"

"ಉರಿ ನನ್ನ ಹೊಟ್ಟೇದಮ್ಮ. ಲಸಿಕೆ ಏನು ಪಾಪ ಮಾಡಿತ್ತು?" ಎಂದ ಮೇಷ್ಟ್ರು ಮತ್ತೆ ಪೆನ್ಸಿಲು ಹಿಡಿದರು. "ಒಂದು ಮಾತು. ಡಬ್ಬಿ ಹೊರಟ ತಾರೀಕು ನೋಡಿದ್ರಾ?"

ನೋಡಿರಲಿಲ್ಲ. ಪುಟ್ಟಿ 'ಆ ವಾರ' ಎಂದಿದ್ದಳೇ ಹೊರತು ದಿನ ಹೇಳಿರಲಿಲ್ಲ, ಕೇಳಿದರೆ ಸಾಗಣೆ ಪುಸ್ತಕ ನೋಡು ಎಂದಿದ್ದಳು. ಪುಸ್ತಕ ಸಮಿತಿಯವರ ಕಪಾಟಿನಲ್ಲಿತ್ತು. ಬೇರೆ ಕೇಸಾಗಿದ್ದರೆ ಕಪಾಟನ್ನೇ ಹೊತ್ತು ತರುತ್ತಿದ್ದ ಅಕ್ಕ, ಮೇಷ್ಟ್ರ ಹೊಟ್ಟೆಕಿಚ್ಚು ಸಿಕ್ಕಿದ ಮೇಲೆ ತಾರೀಕಿನ ಗೊಡವೆಗೇ ಹೋಗಿರಲಿಲ್ಲ.

ಬಾಗಿಲು ತೆರೆಯಿತು. ಮೊದಲು ಬಂದದ್ದು ಶೈತ್ಯಾಗಾರ ನೋಡಿಕೊಳ್ಳುವ ಚಳಿಯಮ್ಮ. ವರ್ಷದ ಹನ್ನೆರಡು ತಿಂಗಳೂ ಒಂದರ ಮೇಲೊಂದು ಎರಡು ಸ್ವೆಟರು ಹಾಕುವ ಆಕೆ ಈ ಬಿಸಿ ಹಾಲಿಗೆ ಬಂದರೂ ಒಂದನ್ನೂ ತೆಗೆಯುವುದಿಲ್ಲ. ಕಂಕುಳಲ್ಲಿ ಪುಸ್ತಕ, ಕೈಯಲ್ಲಿ ಬಟ್ಟೆ ಸುತ್ತಿದ ಡಬ್ಬಿ.

"ಸಿಕ್ತು ಮೇಡಂ! ಪ್ರಾಣಿಮನೆಯ ಅಟ್ಟದ ಮೇಲಿತ್ತು. ಮರುದಿನ ಬೆಳಿಗ್ಗೆ ಸೀಸೆ ತೆಗೆದು ಇಟ್ಟ ಮೇಲೆ ಯಾರೂ ಮುಟ್ಟಿಲ್ವಂತೆ. ಪುಸ್ತಕಾನೂ ಕೊಡಿಸಿಕೊಂಡೆ. ಅವರು ಕೊಡಲ್ಲ ಅಂದ್ರು, ನಾನು ಬಿಡಲ್ಲ ಅಂದೆ."

ಅವರ ಹಿಂದೆ ಪುಟ್ಟಿ ಬಂದಳು. ಬಿಳಿ ಕೋಟಿನ ಮೇಲೆ ಕೈಚೀಲ ಹೆಗಲಿಗೆ ಹಾಕಿಕೊಂಡೇ ಇದ್ದಳು. ಅಕ್ಕನನ್ನು ನೋಡಲಿಲ್ಲ.

"ಓದಿ, ಚಳಿಯಮ್ಮ," ಎಂದರು ಮೇಷ್ಟ್ರು. "ಹೊರಟ ದಿನ."

"ಹದಿನೇಳನೇ ತಾರೀಕು. ಹನ್ನೊಂದೂಕಾಲಿಗೆ ಹೊರಟದ್ದು. ಒಂದಕ್ಕೆ ತಲುಪಿದ್ದು. 'ದಾರಿಯಲ್ಲಿ ಎಲ್ಲೂ ನಿಲ್ಲಿಸಿಲ್ಲ.' ಕೆಳಗೆ ನಿಮ್ಮ ತಂಗಿಯವರ ಸಹಿ." ಚಳಿಯಮ್ಮ ಹುಬ್ಬು ಗಂಟಿಕ್ಕಿದರು. "ಪ್ರಾಣಿಮನೆಗೆ ಒಂದು ಗಂಟೆ ದಾರಿ. ಅದು ಹೇಗೆ ಒಂದೂಮುಕ್ಕಾಲು ಗಂಟೆ ಹಿಡೀತು?"

ಹದಿನೇಳು ಎಂಬುದು ಅಕ್ಕನ ಕಿವಿಯೊಳಗೆ ಇನ್ನೂ ಇಳಿಯುತ್ತಿತ್ತು.

ಚಳಿಯಮ್ಮ ಡಬ್ಬಿಯನ್ನು ಮೇಜಿನ ಮೇಲಿಟ್ಟು ಬಟ್ಟೆ ಸರಿಸಿದರು. ನೀಲಿ ಡಬ್ಬಿ. ಪುಟ್ಟಿ ಅಮ್ಮನಿಗೆ ಐಸ್‌ಕ್ರೀಂ ತರುತ್ತಿದ್ದುದು ಸಂಸ್ಥೆಯ ಇಂಥದ್ದೇ ಹಳೇ ಡಬ್ಬಿಯಲ್ಲಿ. ಮುಚ್ಚಳದ ಮೇಲಿನ ಹಿಡಿ ಒಂದು ಕಡೆ ಕಿತ್ತು ಬಂದಿತ್ತು. ಆ ಕಡೆಗೆ ಹಸಿರು ರಿಬ್ಬನ್ ಸುತ್ತಿ ಬಿಗಿಯಾಗಿ ಕಟ್ಟಿತ್ತು. ಎರಡು ಗಂಟು, ತುದಿಗಳು ಒಳಗೆ ತುರುಕಿದ್ದವು.

ಗಂಟಿನ ಕೆಳಗೇ ಮೇಷ್ಟ್ರ ಚೀಟಿ. ಹೆಬ್ಬೆರಳು ಗಾತ್ರದ ಕೆಂಪಕ್ಷರ: ಹೆಪ್ಪುಗಟ್ಟಿಸಬೇಡಿ. ಆ ಅಕ್ಷರಗಳ ಮೇಲೆ ಬೆರಳಾಡಿಸದೆ ಅಲ್ಲಿ ಗಂಟು ಹಾಕುವುದು ಸಾಧ್ಯವೇ ಇರಲಿಲ್ಲ.

ಅಕ್ಕ ಟಿಪ್ಪಣಿ ಪುಸ್ತಕದ ದಾರವನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು.

ಮೇಷ್ಟ್ರು ಕೊಂಡಿ ಸರಿಸಿ ಮುಚ್ಚಳ ಎತ್ತಿದರು. ಒಳಗೆ ನಾಲ್ಕು ಐಸ್ ಪ್ಯಾಕು, ಎಂದೋ ಕರಗಿ ಮೆತ್ತಗಾಗಿದ್ದವು. ಒಂದೊಂದನ್ನೇ ಎತ್ತಿ ಹಿಂದೆ ಮುಂದೆ ತಿರುಗಿಸಿದರು. ಯಾವುದರ ಮೇಲೂ ಕೆಂಪು ನಂಬರು ಇರಲಿಲ್ಲ.

"ಇವು ನನ್ನವಲ್ಲ," ಎಂದರು. "ದಾರೀಲಿ ಯಾರೋ ಬದಲಾಯಿಸಿದ್ದಾರೆ. ಗಟ್ಟಿ ಐಸು ಹಾಕಿದ್ದಾರೆ. ಸೀಸೆಗಳು ಸಂಜೆ ಒಳಗೆ ಹೆಪ್ಪುಗಟ್ಟಿ, ರಾತ್ರಿಯೆಲ್ಲ ಡಬ್ಬಿಯಲ್ಲೇ ಇದ್ದು ಬೆಳಗಾಗೋ ಹೊತ್ತಿಗೆ ಕರಗಿವೆ. ತೆಗೆದೋರಿಗೆ ಏನೂ ಗೊತ್ತಾಗಿಲ್ಲ."

ಪುಟ್ಟಿ ಕೈಚೀಲದಿಂದ ಟವೆಲ್ಲಿನಲ್ಲಿ ಸುತ್ತಿದ್ದ ಏನನ್ನೋ ತೆಗೆದು ಮೇಜಿನ ಮೇಲಿಟ್ಟು ಬಿಚ್ಚಿದಳು. ಐಸ್ ಪ್ಯಾಕು. ಮೇಲೆ ಕೆಂಪು ಪೆನ್ಸಿಲಿನಲ್ಲಿ ಮೂರು.

"ಅಮ್ಮನ ಫ್ರಿಜ್ಜಿನಲ್ಲಿತ್ತು," ಅಂದಳು. "ನಿನ್ನೆ ಸಂಜೆ ಅಮ್ಮನ ಮಂಡಿಗೆ ಕಟ್ಟೋಕೆ ಅಂತ ತೆಗೆದೆ. ಉಳಿದ ಮೂರೂ ಅಲ್ಲೇ ಇವೆ."

ಚಳಿಯಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡರು. ಮೇಷ್ಟ್ರು ತಲೆ ಎತ್ತದೆ ಮೊಟ್ಟೆಗಳ ಕಡೆ ತಿರುಗಿ ಕೂತರು.

"ಅಮ್ಮನ ಮನೆ ಮುಂದೆಯೇ ದಾರಿ. ಎಪ್ಪತ್ತು ತುಂಬಿದ ದಿನ ಹೋಗದೆ ಹೇಗಿರಲಿ? ಇಪ್ಪತ್ತು ನಿಮಿಷ ಅಂತ ಹೋಗಿ ಮುಕ್ಕಾಲು ಗಂಟೆ ತಡ ಮಾಡ್ಕೊಂಡೆ. ಡಬ್ಬಿ ಎಲ್ಲೂ ನಿಲ್ಲಿಸಬಾರದು ಅಂತ ನಿಯಮ, ಅದಕ್ಕೇ ಪುಸ್ತಕದಲ್ಲಿ ಸುಳ್ಳು ಬರೆದೆ. ಅದು ನನ್ನ ತಪ್ಪು, ಸಮಿತಿ ಮುಂದೆ ಹೇಳ್ತೀನಿ. ಕೆಲಸ ಹೋದ್ರೆ ಹೋಗಲಿ." ಪುಟ್ಟಿ ಈಗ ಅಕ್ಕನನ್ನು ನೋಡಿದಳು. "ಹೊರಡೋವಾಗ ನೀನು ಡಬ್ಬಿ ತಂದುಕೊಟ್ಟೆ. ರಿಬ್ಬನ್ ಕಂಡು ಕಣ್ಣು ತುಂಬಿ ಬಂತಕ್ಕಾ. ಹಿಡಿ ಮುರಿದಿದೆ ಅಂತ ಕಟ್ಟಿದ್ದಾಳೆ, ನನ್ನ ಮೇಲೆ ಎಷ್ಟು ಅಕ್ಕರೆ ಅಂದ್ಕೊಂಡೆ."

ಅಕ್ಕನಿಗೆ ಆ ಅಡುಗೆಮನೆ ಕಣ್ಣ ಮುಂದೆ ಬಂತು. ಹಜಾರದಿಂದ ಅಮ್ಮನ ನಗು. ಕೈಯಲ್ಲಿ ಡಬ್ಬಿ. ಅಲ್ಲಾಡಿಸಿದಾಗ ಒಳಗೆ ಗುಳುಗುಳು. ಐಸೆಲ್ಲ ನೀರಾಗಿದೆ, ಇವಳ ಹೊಣೆಗೇಡಿತನ ನೋಡು ಎಂದುಕೊಂಡದ್ದು. ಅಮ್ಮನ ಮಂಡಿಗೆಂದು ಪುಟ್ಟಿಯೇ ತಂದಿಟ್ಟಿದ್ದ ಪ್ಯಾಕುಗಳು ಕಲ್ಲಿನಂತೆ ಗಟ್ಟಿಯಾಗಿ ಫ್ರೀಜರಿನಲ್ಲಿದ್ದವು. ನಾಲ್ಕು ತೆಗೆದಳು, ನಾಲ್ಕು ಇಟ್ಟಳು. ಒಳಗೆ ಬಿಳಿ ರಟ್ಟಿನ ಪೆಟ್ಟಿಗೆ ಕಂಡಿತ್ತು. ಮುಚ್ಚಳ ಹಾಕಿ ಹಿಡಿ ಕಟ್ಟಿದಳು. ಇಷ್ಟೂ ನೆನಪಾಯಿತು.

"ಐಸ್‌ಕ್ರೀಂ ಅಂದ್ಕೊಂಡೆ ಪುಟ್ಟಿ," ಅಂದಳು.

"ಸರಿ. ನಿನ್ನೆಯಿಂದ ಅದನ್ನೇ ನನಗೆ ನಾನೇ ಹೇಳ್ಕೊಳ್ತಿದ್ದೀನಿ. ಐಸ್‌ಕ್ರೀಂ ಅಂದ್ಕೊಂಡಿರ್ತಾಳೆ ಅಂತ." ಪುಟ್ಟಿ ಚೀಟಿಯ ಮೇಲೆ ಬೆರಳಿಟ್ಟಳು. "ಆದ್ರೆ ಐಸ್‌ಕ್ರೀಂ ಡಬ್ಬಿ ಮೇಲೆ 'ಹೆಪ್ಪುಗಟ್ಟಿಸಬೇಡಿ' ಅಂತ ಯಾರಕ್ಕಾ ಬರೀತಾರೆ?"

ಪುಟ್ಟಿ ಬೆರಳು ತೆಗೆದು ಅಕ್ಕನ ಎದುರು ಬಂದು ನಿಂತಳು.

"ಒಂದೇ ಮಾತು ಕೇಳ್ತೀನಿ. ಅಮ್ಮನಿಗೂ ಹೇಳಲ್ಲ. ಓದಿದ್ದೆಯಾ?"

ಇಲ್ಲ ಎನ್ನುವುದು ಎಷ್ಟು ಸುಲಭ. ಇಪ್ಪತ್ತು ವರ್ಷದಲ್ಲಿ ಎಷ್ಟೋ ಜನ ಅಕ್ಕನ ಎದುರು ಕೂತು ಹಾಗೆ ಇಲ್ಲ ಎಂದಿದ್ದರು. ಹಾಗೆನ್ನುವ ಮೊದಲು ಅವರೆಲ್ಲ ಒಮ್ಮೆ ಉಗುಳು ನುಂಗುತ್ತಿದ್ದರು. ಅಕ್ಕ ಉಗುಳು ನುಂಗಿದಳು. ಕೆಂಪಕ್ಷರಗಳು ಆಗಲೂ ಇಷ್ಟೇ ದೊಡ್ಡದಾಗಿದ್ದವು, ಗಂಟು ಹಾಕುವಾಗ ಒಂದೊಂದೂ ಕಣ್ಣಿಗೆ ಬಿದ್ದಿತ್ತು. ಬಿದ್ದಾಗ ಮನಸ್ಸಿನಲ್ಲಿ ಏನಿತ್ತು ಎಂಬುದೊಂದು ಮಾತ್ರ, ಎಷ್ಟು ಕೆದಕಿದರೂ ಸಿಗಲಿಲ್ಲ.

"ಓದಿದ್ದೆ," ಅಂದಳು.

ಪುಟ್ಟಿ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ಸಮಿತಿಯ ಜವಾನ ತಲೆ ಒಳಗೆ ಹಾಕಿದ.

"ಮೇಷ್ಟ್ರೇ, ಒಳಗೆ ಕರೀತಿದ್ದಾರೆ. ವರದಿ ಓದಿ ಎಲ್ಲರೂ ಕೆಂಡವಾಗಿದ್ದಾರೆ." ಅವನು ಅಕ್ಕನ ಮುಖ ನೋಡಿ ದನಿ ತಗ್ಗಿಸಿದ. "ಪೊಲೀಸರಿಗೂ ಫೋನ್ ಹೋಗಿತ್ತು. ಇಬ್ಬರು ಬಂದು ಕೂತಿದ್ದಾರೆ."

"ಯಾವ ವರದಿ?" ಎಂದಳು ಪುಟ್ಟಿ.

ಮೇಷ್ಟ್ರು ಕೈಯಲ್ಲಿದ್ದ ಮೊಟ್ಟೆಗೆ ಗೆರೆ ಎಳೆದು, ಚುಕ್ಕೆ ಇಟ್ಟು, ನಂಬರು ಬರೆದು ಮುಗಿಸಿದರು. ಪೆನ್ಸಿಲನ್ನು ಜೇಬಿಗೆ ಸೇರಿಸಿದರು.

"ಚಳಿಯಮ್ಮ, ಈ ತಟ್ಟೆ ಬೇಗ ಕಾವಿನ ಪೆಟ್ಟಿಗೆಯೊಳಗೆ ಇಡಿ. ತಣ್ಣಗಾದ್ರೆ ಸಾಯ್ತವೆ."

ಬಾಗಿಲ ತನಕ ಹೋದವರು ಅಲ್ಲಿ ನಿಂತು ತಿರುಗಿದರು. ಪುಟ್ಟಿಯ ಕಡೆ ನೋಡಲಿಲ್ಲ, ಅಕ್ಕನನ್ನೇ ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅಕ್ಕನಿಗೆ ಎಷ್ಟೋ ಸುಲಭವಾಗುತ್ತಿತ್ತು.

"ನೀವೂ ಬರ್ತೀರೇನಮ್ಮ," ಎಂದರು, "ಇಲ್ಲ ನಾನೊಬ್ಬನೇ ಹೋಗ್ಲಾ?"